ನಮ್ಮ ಯಜಮಾನರ ಜೇಬಿನಲ್ಲಿದ್ದ ಶಿಲುಬೆ ಕಾಗದ

ಅದು ೧೯೬೨ರ ಆಷಾಢ. ಚೀನಾದವರ ಜೊತೆ ಯುದ್ಧ ಶುರುವಾಗಲು ಇನ್ನೂ ಎರಡು ಮೂರು ತಿಂಗಳಿತ್ತು. ಮೈಸೂರಿನ ಇಟ್ಟಿಗೆಗೂಡಿನ ಒಂದು ವಠಾರದಲ್ಲಿ ನಾವು ಮೂರು ಜನ ಇದ್ದೆವು. ನಾನು, ನಮ್ಮ ಯಜಮಾನರು, ಅವರ ತಂಗಿ ಗೌರಿ. ಯಜಮಾನರು ಗಾರೆ ಕೆಲಸದ ಮೇಸ್ತ್ರಿ. ನಲವತ್ತರ ಹತ್ತಿರದ ವಯಸ್ಸು. ಹಳ್ಳಿಯಲ್ಲಿ ಹೊಲ ಪಾಲಾದ ಮೇಲೆ ಕರಣೆ ಹಿಡಿದು ಮೈಸೂರಿಗೆ ಬಂದವರು. ಅವರು ಕಟ್ಟಿದ ಗೋಡೆಗೆ ದಾರ ಹಿಡಿದು ನೋಡಬೇಕಾಗಿಲ್ಲ ಅಂತ ಜನ ಹೇಳುತ್ತಿದ್ದರು. ನಮಗೆ ಇನ್ನೂ ಮಕ್ಕಳಾಗಿರಲಿಲ್ಲ. ಅತ್ತೆ ಮಾವ ತೀರಿಕೊಂಡ ಮೇಲೆ ಗೌರಿಯನ್ನು ನಾವೇ ಸಾಕಿದ್ದು.

ನನ್ನ ಸ್ವಭಾವವನ್ನೂ ಮೊದಲೇ ಹೇಳಿಬಿಡುತ್ತೇನೆ. ನಾನು ಅನುಮಾನದವಳು. ಹಾಲಿನವನು ನಗುತ್ತಾ ಬಂದರೆ ಇವತ್ತು ನೀರು ಜಾಸ್ತಿ ಹಾಕಿದ್ದಾನೆ ಅಂದುಕೊಳ್ಳುವವಳು. ನಮ್ಮ ತಾಯಿ "ನಿನ್ನ ಕಣ್ಣಿಗೆ ಕಾಮಾಲೆ ಕಣೆ, ಕಂಡದ್ದೆಲ್ಲ ಹಳದಿ" ಅಂತ ಬೈಯುತ್ತಿದ್ದಳು. ಅದನ್ನು ನಾನು ಬುದ್ಧಿವಂತಿಕೆ ಅಂತಲೇ ತಿಳಿದಿದ್ದೆ.

ಆ ವರ್ಷ ಜ್ಯೇಷ್ಠದಲ್ಲಿ ಗೌರಿಗೆ ಗಂಡು ಗೊತ್ತಾಗಿತ್ತು. ನಂಜನಗೂಡಿನ ಕಡೆಯ ಹುಡುಗ, ಬಸ್ಸಿನಲ್ಲಿ ಕಂಡಕ್ಟರು. ವೀಳ್ಯಶಾಸ್ತ್ರವೂ ಮುಗಿದಿತ್ತು. ಆಷಾಢ ಕಳೆದು ಶ್ರಾವಣ ಬಂದ ಕೂಡಲೇ ಮದುವೆ. ಅದಕ್ಕೆ ಮುಂಚೆ ಎರಡು ಸಂಬಂಧ ಮುರಿದು ಬಿದ್ದಿದ್ದವು. ಇದೂ ತಪ್ಪಿದರೆ ಹುಡುಗಿಯ ಕಾಲ್ಗುಣ ಸರಿಯಿಲ್ಲ ಅಂತ ಆಡಿಕೊಳ್ಳುತ್ತಾರೆ ಅನ್ನುವ ಭಯ ನನಗೆ. ದಿನ ಬೆಳಗಾದರೆ ಕ್ಯಾಲೆಂಡರ್ ನೋಡುತ್ತಿದ್ದೆ.

ಅದೇ ಹೊತ್ತಿಗೆ ಯಜಮಾನರು ಒಂದು ಚರ್ಚಿನ ಕೆಲಸ ಹಿಡಿದರು. ಈಗ ಸಿದ್ಧಾರ್ಥನಗರ ಅನ್ನುತ್ತಾರಲ್ಲ, ಆ ಕಡೆ ಆಗ ಬರೀ ಬಯಲು. ಅಲ್ಲಿ ಕ್ರೈಸ್ತರ ಹತ್ತಿಪ್ಪತ್ತು ಮನೆಗಳಿದ್ದವು. ಅವರಿಗೆ ಒಂದು ಸಣ್ಣ ದೇವಾಲಯ ಕಟ್ಟಬೇಕಾಗಿತ್ತು. ಕೆಲಸ ಹಿಡಿದದ್ದಕ್ಕೆ ನನ್ನ ತಕರಾರಿರಲಿಲ್ಲ. ಕಲ್ಲಿಗೂ ಗಾರೆಗೂ ಯಾವ ಜಾತಿ? ತಕರಾರು ಶುರುವಾದದ್ದು ಆ ಬಿಳಿಯರು ಬಂದ ಮೇಲೆ.

ಸಮುದ್ರದಾಚೆಯ ಯಾವುದೋ ಊರಿನಿಂದ ಎಂಟು ಜನ ಬಂದಿದ್ದರು. ಐದು ಗಂಡಸರು, ಮೂರು ಹೆಂಗಸರು. ಅವರ ಊರಿನ ಚರ್ಚಿನವರು ಕಳಿಸಿದ್ದಂತೆ. ಆರು ವಾರ ಇದ್ದು, ಈ ದೇವಾಲಯಕ್ಕೆ ಕಲ್ಲು ಮಣ್ಣು ಹೊತ್ತು ವಾಪಸು ಹೋಗುತ್ತಾರಂತೆ. ಕೂಲಿ ಇಲ್ಲ. ಹಡಗಿನ ಚಾರ್ಜೂ ಕೈಯಿಂದಲೇ ಹಾಕಿಕೊಂಡು ಬಂದಿದ್ದಾರೆ ಅಂತ ಯಜಮಾನರು ಊಟಕ್ಕೆ ಕುಳಿತಾಗ ಹೇಳಿದರು. ನನ್ನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ನಮ್ಮೂರಿನ ದೇವಸ್ಥಾನಕ್ಕೆ ಸುಣ್ಣ ಹೊಡೆಯಿರಿ ಅಂದರೆ ಪಕ್ಕದ ಬೀದಿಯವನು ಬರುವುದಿಲ್ಲ, ಇವರು ಭೂಮಿಯ ಆ ತುದಿಯಿಂದ ಬಾಂಡ್ಲಿ ಹೊರುವುದಕ್ಕೆ ಬರುತ್ತಾರೆಯೆ? ಲಾಭವಿಲ್ಲದೆ ಯಾರೂ ಹೊಳೆಗೆ ಬೀಳುವುದಿಲ್ಲ ಅಂದೆ. ಯಜಮಾನರು ನಕ್ಕು ಸಾರು ಬಡಿಸು ಅಂದರು.

ಒಂದು ದಿನ ಬುತ್ತಿ ಕೊಡುವ ನೆಪ ಮಾಡಿಕೊಂಡು ಹೋಗಿ ನೋಡಿಯೂ ಬಂದೆ. ಬಿಸಿಲಿಗೆ ಅವರ ಮೂಗಿನ ಚರ್ಮ ಸುಲಿದಿತ್ತು. ಒಬ್ಬ ಹುಡುಗಿ ತಲೆಗೆ ಸಿಂಬಿ ಇಟ್ಟುಕೊಂಡು ಬಾಂಡ್ಲಿ ಹೊರಲು ಕಲಿಯುತ್ತಿದ್ದಳು. ಅರ್ಧ ಗಾರೆ ಅವಳ ಭುಜದ ಮೇಲೇ ಸುರಿದಿತ್ತು, ನಮ್ಮ ಕೂಲಿ ಹೆಂಗಸರು ಬಿದ್ದು ಬಿದ್ದು ನಗುತ್ತಿದ್ದರು. ಆದರೆ ನನ್ನ ಕಣ್ಣು ಹೋದದ್ದು ಒಬ್ಬ ಮುದುಕನ ಮೇಲೆ. ಅರವತ್ತರ ಆಸುಪಾಸು, ಉದ್ದನೆಯ ಆಳು. ಅವನ ದೇಶದಲ್ಲಿ ಅವನೂ ಮೇಸ್ತ್ರಿಯೇ ಅಂತೆ, ಅದಕ್ಕೆ ಎಲ್ಲರೂ ಬಿಳಿ ಮೇಸ್ತ್ರಿ ಅಂತಲೇ ಕರೆಯುತ್ತಿದ್ದರು. ಅವನು ಕೆಲಸ ಮಾಡುತ್ತಿರಲಿಲ್ಲ. ಸುಮ್ಮನೆ ಒಂದು ಕಲ್ಲಿನ ಮೇಲೆ ಕುಳಿತು ನಮ್ಮ ಯಜಮಾನರನ್ನೇ ನೋಡುತ್ತಿದ್ದ. ಅವರು ಗೋಡೆಯ ಮಟ್ಟ ನೋಡಲು ರಸಮಟ್ಟ ಹಿಡಿದರೆ ನೋಡುವುದು, ದಾರ ಕಟ್ಟಿದರೆ ನೋಡುವುದು. ಮದುವೆಗೆ ಹುಡುಗನನ್ನು ನೋಡುವವರೂ ಅಷ್ಟು ಹೊತ್ತು ನೋಡುವುದಿಲ್ಲ. ಇವನಿಗೆ ಬೇಕಾದದ್ದು ಗೋಡೆಯಲ್ಲ ಅಂತ ಆವತ್ತೇ ತೀರ್ಮಾನ ಮಾಡಿಬಿಟ್ಟೆ.

ಅಲ್ಲಿಂದ ಮುಂದೆ ಯಜಮಾನರ ಒಂದೊಂದು ನಡೆಯೂ ನನಗೆ ಸಾಕ್ಷಿಯಾಗತೊಡಗಿತು. ಪ್ರತಿ ವರ್ಷ ಆಷಾಢ ಶುಕ್ರವಾರ ಮೆಟ್ಟಿಲು ಹತ್ತಿಯೇ ಬೆಟ್ಟಕ್ಕೆ ಹೋಗುತ್ತಿದ್ದವರು ಆ ವರ್ಷ ಬರಲಿಲ್ಲ. ಆ ಜನ ಇರುವುದೇ ಆರು ವಾರ, ಅಷ್ಟರಲ್ಲಿ ಕಮಾನು ಎಬ್ಬಿಸಬೇಕು, ನೀವಿಬ್ಬರೇ ಹೋಗಿ ಅಂದರು. ನಾನೂ ಗೌರಿಯೂ ಹೋದೆವು. ಅಮ್ಮನವರ ಮುಂದೆ ಕೈಮುಗಿದು ನಿಂತರೂ ನನ್ನ ತಲೆಯೆಲ್ಲ ಆ ಬಯಲಿನಲ್ಲೇ ಇತ್ತು.

ಆಮೇಲೆ ಭಾನುವಾರಗಳು. ಭಾನುವಾರ ಚರ್ಚಿನ ಕೆಲಸಕ್ಕೆ ರಜೆ. ಕ್ರೈಸ್ತರು ಅಲ್ಲೇ ಒಂದು ತಗಡಿನ ಚಪ್ಪರದಲ್ಲಿ ಪೂಜೆ ಮುಗಿಸಿ ಮನೆಗೆ ಹೋಗುತ್ತಾರೆ. ಅಂಥ ದಿನ ಇವರು ತಲೆಗೆ ಸ್ನಾನ ಮಾಡಿ, ಒಗೆದ ಅಂಗಿ ತೊಟ್ಟು ಹೊರಟುಬಿಡುತ್ತಿದ್ದರು. ಎಲ್ಲಿಗೆ ಅಂದರೆ "ಬಂದೆ ಇರು" ಅನ್ನುವುದೊಂದೇ ಉತ್ತರ. ಮಧ್ಯಾಹ್ನ ಬಂದರೆ ಮುಖದಲ್ಲಿ ಏನೋ ಗೆಲುವು. ಮನೆಯಲ್ಲಿ ನನ್ನ ಹತ್ತಿರ ಮಾತು ಕಡಿಮೆಯಾಗಿತ್ತು. ಕೈಗೆ ಮುಳ್ಳು ಚುಚ್ಚಿದರೆ ಗೌರಿ, ಅಂಗಿಗೆ ಗುಂಡಿ ಬೇಕಾದರೆ ಗೌರಿ. ಹೆಂಡತಿಯ ಮುಖ ನೋಡುವುದಕ್ಕೆ ಆಗದಂಥ ಕೆಲಸ ಏನೋ ಮಾಡಿದ್ದಾರೆ ಅಂತ ನಾನು ಲೆಕ್ಕ ಹಾಕಿದೆ.

ನಾಲ್ಕನೇ ವಾರ ಅವರ ಅಂಗಿ ಒಗೆಯಲು ಹಾಕುವಾಗ ಜೇಬಿನಲ್ಲಿ ಒಂದು ಕಾಗದ ಸಿಕ್ಕಿತು. ಬಿಳಿಯ ದಪ್ಪ ಕಾಗದ, ನಾಲ್ಕು ಮಡಿಕೆ. ಬಿಡಿಸಿದೆ. ಅದರ ತುಂಬ ಶಿಲುಬೆ! ಮೇಲೆ ಅಂಗೈಯಷ್ಟು ದೊಡ್ಡದು ಒಂದು. ಅದರ ಕೆಳಗೆ ಸ್ವಲ್ಪ ಸಣ್ಣವು ಎರಡು. ಅದರ ಕೆಳಗೆ ಇನ್ನೂ ಸಣ್ಣವು ಮೂರು. ಹೀಗೆ ಸಾಲು ಸಾಲಾಗಿ ಇಳಿದು ಕೊನೆಯ ಸಾಲಿನಲ್ಲಿ ಸಾಸಿವೆಯಷ್ಟು ಪುಟ್ಟವು. ಒಂದೇ ಒಂದು ಅಕ್ಷರವಿಲ್ಲ. ಯಜಮಾನರಿಗೆ ಓದು ಬಾರದು, ಅದಕ್ಕೇ ಬರೀ ಗುರುತು ಹಾಕಿ ಕೊಟ್ಟಿದ್ದಾನೆ, ದಿನಕ್ಕೆ ಒಂದೊಂದು ಸಾಲು ಜಪ ಮಾಡಬೇಕು, ಕೊನೆಯ ಸಾಲು ಮುಗಿದ ದಿನ ಇವರನ್ನು ಕುಲಕ್ಕೆ ಸೇರಿಸಿಕೊಳ್ಳುತ್ತಾರೆ ಅಂತ ನನಗೆ ಬಿಸಿಲಿನಷ್ಟು ನಿಚ್ಚಳವಾಗಿ ಹೊಳೆದುಬಿಟ್ಟಿತು. ಯಾರು ಹೇಳಿದರು ಅಂತ ಕೇಳಬೇಡಿ. ಅನುಮಾನಕ್ಕೆ ಯಾರೂ ಏನೂ ಹೇಳಬೇಕಾಗಿಲ್ಲ.

ಗೌರಿಗೆ ತೋರಿಸಿದೆ. ಅವಳು ಕಾಗದ ನೋಡಿದಳು, ನನ್ನನ್ನು ನೋಡಿದಳು, ನೀರು ತರಲು ಹೋದಳು. ಪಾಪ, ಮದುವೆ ಕೆಡುತ್ತದೆ ಅಂತ ಹೆದರಿದ್ದಾಳೆ ಹುಡುಗಿ ಅಂದುಕೊಂಡೆ. ಕಾಗದವನ್ನು ಹಾಗೇ ಜೇಬಿನಲ್ಲಿಟ್ಟೆ.

ಅದೇ ವಾರ ಹುಡುಗನ ಸೋದರಮಾವ ಮರೀಗೌಡರು ಬಂದರು. ಆ ಮನೆಯಲ್ಲಿ ಅವರು ಹೇಳಿದ್ದೇ ಮಾತು. ಅವರ ಕಿವಿಗೂ ಯಾರೋ ಹಾಕಿದ್ದರು. ಕಾಫಿ ಕುಡಿದು ಲೋಟ ಕೆಳಗಿಟ್ಟು, ನಿಮ್ಮ ಯಜಮಾನರು ಭಾನುವಾರ ಭಾನುವಾರ ಚರ್ಚಿಗೆ ಹೋಗುತ್ತಾರಂತಲ್ಲ ಅಂದರು. ಕೆಲಸದ ಮೇಲೆ ಹೋಗುತ್ತಾರೆ ಅಂದೆ. "ನಿಜವಾಗ್ಲೂ ಕೆಲ್ಸ ಆದ್ರೆ ಸರಿ ಕಣಮ್ಮ. ಬೇರೆ ಏನಾದ್ರೂ ಇದ್ರೆ ಈಗ್ಲೇ ಹೇಳ್ಬುಡಿ. ಆಮೇಲೆ ನಮ್ಮನ್ನ ಆಡ್ಬ್ಯಾಡಿ" ಅಂದು ಎದ್ದು ಹೋದರು.

ಇನ್ನು ತಡೆಯಲಾಗಲಿಲ್ಲ. ಮುಂದಿನ ಭಾನುವಾರ ಯಜಮಾನರು ಹೊರಟ ಕಾಲು ಗಂಟೆಗೆ ನಾನೂ ಹೊರಟೆ. ಒಬ್ಬಳೇ ಹೋಗಲು ಧೈರ್ಯ ಸಾಲದೆ ವಠಾರದ ಚಿಕ್ಕತಾಯಮ್ಮನನ್ನು ಜೊತೆಗೆ ಕರೆದೆ. ಆಕೆ ಒಳ್ಳೆಯವಳೇ. ಆದರೆ ಆಕೆಯ ಬಾಯಿಗೆ ಬಿದ್ದ ಸುದ್ದಿ ಸಂಜೆಯೊಳಗೆ ದೇವರಾಜ ಮಾರುಕಟ್ಟೆ ಸುತ್ತಿ ಬರುತ್ತಿತ್ತು. ಸಾಕ್ಷಿಗೆ ಒಬ್ಬರಿರಲಿ ಅಂತ ನಾನೇ ಕೈಹಿಡಿದು ಕರೆದುಕೊಂಡು ಹೋದೆ.

ಪೂಜೆ ಮುಗಿದಿತ್ತು. ಚಪ್ಪರ ಖಾಲಿ. ದೇವಾಲಯಕ್ಕೆ ಗೋಡೆ ಎದ್ದಿತ್ತು, ಸೂರು ಇರಲಿಲ್ಲ. ಮುಂಬಾಗಿಲಿನ ಕಮಾನಿಗೆ ಮರದ ಅಚ್ಚು ಕಟ್ಟಿ ನಿಲ್ಲಿಸಿದ್ದರು. ಅದರ ಕೆಳಗಿನಿಂದ ಒಳಗೆ ಇಣುಕಿದೆ.

ಯಜಮಾನರು ಮಂಡಿಯೂರಿ ಕುಳಿತಿದ್ದರು. ಎದುರಿಗೆ ಕಲ್ಲಿನ ಮೇಲೆ ಆ ಬಿಳಿ ಮೇಸ್ತ್ರಿ. ಅವನ ಎರಡು ಕೈಗಳೂ ಇವರ ತಲೆಯ ಎರಡು ಪಕ್ಕದಲ್ಲಿದ್ದವು. ಪಕ್ಕದಲ್ಲಿ ಒಂದು ಬಟ್ಟಲು ನೀರು, ಒಂದು ಬಿಳಿಯ ಬಟ್ಟೆ. ಕೈಗೆಟುಕುವಷ್ಟು ಹತ್ತಿರದಲ್ಲಿ ಇನ್ನಾಸಪ್ಪ ಅದೇ ಶಿಲುಬೆಯ ಕಾಗದವನ್ನು ಎದೆಯ ಮಟ್ಟಕ್ಕೆ ಹಿಡಿದು ನಿಂತಿದ್ದ. ಇನ್ನಾಸಪ್ಪ ಅಲ್ಲಿಯ ಕ್ರೈಸ್ತರಲ್ಲೇ ಒಬ್ಬ, ಚರ್ಚಿನ ಉಪದೇಶಿ. ಬಿಳಿಯರಿಗೂ ನಮ್ಮವರಿಗೂ ಮಾತು ದಾಟಿಸುತ್ತಿದ್ದವನು ಅವನೇ.

ಚಿಕ್ಕತಾಯಮ್ಮ ನನ್ನ ತೋಳು ಹಿಡಿದು "ಮುಗೀತು ಕಣವ್ವ" ಅಂದಳು. ನನಗೆ ಮೈಮೇಲೆ ಜ್ಞಾನ ಇರಲಿಲ್ಲ. ಓಡಿಹೋಗಿ ಆ ಮುದುಕನ ಕೈಗೆ ಬಲವಾಗಿ ಹೊಡೆದೆ. ಅವನ ಕೈಯಿಂದ ಏನೋ ಹಾರಿ ಕಲ್ಲಿನ ಚಕ್ಕೆಗಳ ಮೇಲೆ ಬಿದ್ದು ಚಟ್ ಅಂತ ಸದ್ದಾಯಿತು. ನಾನು ಕೂಗುತ್ತಲೇ ಇದ್ದೆ. ಮನೆ ಹಾಳು ಮಾಡಲು ಬಂದಿರಿ, ಲಗ್ನಕ್ಕೆ ನಿಂತ ಹುಡುಗಿಯ ಬಾಯಿಗೆ ಮಣ್ಣು ಹಾಕಿದಿರಿ ಅಂತ ಏನೇನೋ ಅಂದೆ. ಮುದುಕ ಎದ್ದು ನಿಂತ.

ಯಜಮಾನರು ಮಂಡಿಯ ಮೇಲೇ ತಿರುಗಿ ನೆಲ ತಡಕಾಡತೊಡಗಿದರು. ಆ ತಡಕಾಟ ನೋಡಿ ನಾನೂ ಬಗ್ಗಿ ನೋಡಿದೆ. ಬಿದ್ದದ್ದು ಕನ್ನಡಕ. ಅದು ಅವರ ಮೊಣಕಾಲಿನ ಪಕ್ಕದಲ್ಲೇ ಬಿದ್ದಿತ್ತು, ಕೈಗೆ ಸಿಕ್ಕಿತು. ಆದರೆ ಒಡೆದ ಗಾಜಿನ ಚೂರುಗಳು ಅವರಿಗೆ ಕಾಣುತ್ತಿರಲಿಲ್ಲ. ಬೆರಳಿನಿಂದ ಒಂದೊಂದೇ ಮುಟ್ಟಿ ಹುಡುಕುತ್ತಿದ್ದರು. ಒಂದು ಚೂರು ತಾಗಿ ರಕ್ತ ಬಂತು. ಆ ರಕ್ತವನ್ನೂ ಅವರು ತೋಳುದ್ದ ಕೈ ಚಾಚಿ ನೋಡಿದರು. ಹತ್ತಿರ ಹಿಡಿದರೆ ಕಾಣದಲ್ಲ, ಅದಕ್ಕೆ.

ಇನ್ನಾಸಪ್ಪ ಮೆಲ್ಲಗೆ ಬಾಯಿ ಬಿಟ್ಟ. "ಅಕ್ಕಾ, ಇಲ್ಲಿ ಯಾರೂ ಕುಲ ಕೆಡ್ಸಕ್ಕೆ ಬಂದಿಲ್ಲ ಕಣಕ್ಕ. ಮೇಸ್ತ್ರಿಯವ್ರಿಗೆ..." ಅನ್ನುವಷ್ಟರಲ್ಲಿ ಯಜಮಾನರು "ಸುಮ್ನಿರು ಇನ್ನಾಸಪ್ಪ" ಅಂದರು. ಅವರ ಕಣ್ಣು ಬಾಗಿಲಲ್ಲಿ ನಿಂತಿದ್ದ ಚಿಕ್ಕತಾಯಮ್ಮನ ಮೇಲಿತ್ತು. ನನಗೆ ಅದೂ ತಿಳಿಯಲಿಲ್ಲ. "ನಿಮಗೆ ಕಣ್ಣು ಕಾಣಲ್ವಾ? ಮಾವನೋರ್ಗೆ ಆದಂಗೇ ಆಯ್ತಾ?" ಅಂತ ಆ ಖಾಲಿ ಗೋಡೆಗಳ ನಡುವೆ ಕಿರುಚಿಬಿಟ್ಟೆ.

ನಮ್ಮ ಮಾವನವರಿಗೆ ಕೊನೆಯ ಕೆಲವು ವರ್ಷ ಎರಡೂ ಕಣ್ಣು ಹೋಗಿದ್ದವು. ಗಂಡಿನ ಕಡೆಯವರಿಗೆ ಅದನ್ನು ನಾವು ಹೇಳಿರಲಿಲ್ಲ. ಸುಳ್ಳೂ ಹೇಳಿರಲಿಲ್ಲ, ಮಾತು ಬಂದಿರಲಿಲ್ಲ ಅಷ್ಟೆ. ಅಪ್ಪನ ಹಾಗೇ ತನಗೂ ಕಣ್ಣು ಹೋಗುತ್ತಿದೆ ಅಂತ ಯಜಮಾನರು ಒಂದು ವರ್ಷದಿಂದ ಒಳಗೊಳಗೇ ಬೆಂದಿದ್ದರು. ಕಣ್ಣು ಮಂಜಾದ ಮೇಸ್ತ್ರಿಗೆ ಯಾರು ಕೆಲಸ ಕೊಡುತ್ತಾರೆ, ಇದು ವಂಶದಲ್ಲೇ ಇದೆ ಅಂತಾದರೆ ಗೌರಿಯನ್ನು ಯಾರು ತಂದುಕೊಳ್ಳುತ್ತಾರೆ? ಶ್ರಾವಣ ಕಳೆಯಲಿ, ತಾಳಿ ಬೀಳಲಿ, ಆಮೇಲೆ ನೋಡೋಣ ಅಂತ ಹಲ್ಲು ಕಚ್ಚಿಕೊಂಡಿದ್ದರು. ರಸಮಟ್ಟವನ್ನು ಇವರು ದೂರ ದೂರ ಹಿಡಿಯುವುದನ್ನು ನೋಡಿ ಆ ಮುದುಕನಿಗೆ ಮೊದಲನೇ ವಾರವೇ ಗೊತ್ತಾಗಿಬಿಟ್ಟಿತ್ತು. ಅವನಿಗೂ ಅದೇ ವಯಸ್ಸಿನಲ್ಲಿ ಹಾಗೇ ಆಗಿತ್ತಂತೆ. ಇದು ಕುರುಡಲ್ಲ, ವಯಸ್ಸಿಗೆ ಬರುವಂಥದ್ದು ಅಂತ ಧೈರ್ಯ ಹೇಳಿದ್ದ. ಪಾದ್ರಿಗಳಿಗೂ ತಿಳಿಸದೆ, ಯಾರೂ ಇಲ್ಲದ ಭಾನುವಾರ ಕರೆಸಿಕೊಂಡು ತನ್ನ ಇನ್ನೊಂದು ಕನ್ನಡಕ ಕೊಟ್ಟು ರೂಢಿ ಮಾಡಿಸುತ್ತಿದ್ದ. ಕಲ್ಲಿನ ನಡುವೆ ಗುರುತು ಹಾಕಲು ಮೇಸ್ತ್ರಿಗಳು ಒಂದಕ್ಕೊಂದು ಅಡ್ಡವಾಗಿ ಎರಡು ಗೆರೆ ಎಳೆಯುತ್ತಾರಲ್ಲ, ಓದು ಬಾರದವರಿಗೆ ಅದೇ ಸರಿ ಅಂತ ಆ ಗುರುತನ್ನೇ ದೊಡ್ಡದರಿಂದ ಸಣ್ಣದಕ್ಕೆ ಬರೆದುಕೊಟ್ಟಿದ್ದ. ಯಾವ ಸಾಲಿನವರೆಗೆ ಕಾಣುತ್ತದೆ ಅಂತ ನೋಡುವುದಕ್ಕೆ. ಬಟ್ಟಲಿನ ನೀರು, ಬಿಳಿಯ ಬಟ್ಟೆ ಕನ್ನಡಕಕ್ಕೆ ಹತ್ತಿದ ಗಾರೆಯ ದೂಳು ಒರೆಸುವುದಕ್ಕೆ. ಇದನ್ನೆಲ್ಲ ಇನ್ನಾಸಪ್ಪ ನನಗೆ ಆಮೇಲೆ ಬಿಡಿಸಿ ಹೇಳಿದ.

ಆ ಹೊತ್ತಿನಲ್ಲಿ ಮುದುಕ ತನ್ನ ಭಾಷೆಯಲ್ಲಿ ಏನೋ ಅಂದು ನನಗೆ ಕೈಮುಗಿದ. ಏನಂತಾನೆ ಅಂತ ಇನ್ನಾಸಪ್ಪನ ಮುಖ ನೋಡಿದೆ. "ತಪ್ಪು ನಂದು, ನಿಮ್ಮ ಮನೆಯವ್ರ ತಲೆ ಮುಟ್ಟೋಕೆ ಮುಂಚೆ ನಿಮ್ಮನ್ನ ಕೇಳ್ಬೇಕಿತ್ತು ಅಂತಾವ್ರೆ" ಅಂದ. ಹೊಡೆದವಳು ನಾನು, ಕ್ಷಮೆ ಕೇಳಿದವನು ಅವನು. ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅವನು ತನ್ನ ಕಣ್ಣಿನ ಮೇಲಿದ್ದದ್ದನ್ನೇ ತೆಗೆದು ಕೊಡಲು ಬಂದ. ಯಜಮಾನರು ಬೇಡವೇ ಬೇಡ ಅಂದರು. ಒಡೆಯದೆ ಉಳಿದದ್ದು ಬಲಗಡೆಯ ಗಾಜು. ಅದನ್ನೇ ದಾರದಿಂದ ಕಿವಿಗೆ ಬಿಗಿದು ಕಟ್ಟಿಕೊಂಡು ಆ ವಾರ ಮುಂಬಾಗಿಲಿನ ಕಮಾನು ಕೂರಿಸಿದರು. ಎಲ್ಲರಿಗೂ ಗೊತ್ತಾಗಿ ಹೋಗಿತ್ತು, ಇನ್ನು ಮುಚ್ಚುವುದೇನು? ಸಾರುವೆಯ ಕೆಳಗೆ ನಿಂತ ಕೂಲಿಗಳು ಒಂಟಿಗಾಜಿನ ಮೇಸ್ತ್ರಿ ಅಂತ ಹಾಸ್ಯ ಮಾಡಿದರಂತೆ. ಕಮಾನು ಕೂದಲೆಳೆಯಷ್ಟೂ ವಾಲಲಿಲ್ಲ. ಅದಾದ ವಾರಕ್ಕೆ ಬಿಳಿಯರು ಹೊರಟುಹೋದರು. ನಾನು ಹೋಗಿ ಆ ಮುದುಕನ ಕಾಲಿಗೆ ಬೀಳಬೇಕಾಗಿತ್ತು. ಮುಖ ಇರಲಿಲ್ಲ, ಹೋಗಲಿಲ್ಲ.

ಚಿಕ್ಕತಾಯಮ್ಮ ತನ್ನ ಕೆಲಸ ತಾನು ಮಾಡಿದ್ದಳು. ಹತ್ತು ದಿನಕ್ಕೆ ಮರೀಗೌಡರು ಬಂದರು. ಈ ಸಲ ಒಳಗೆ ಬರಲಿಲ್ಲ, ಕಾಫಿಯೂ ಬೇಡ ಅಂದರು. ಜಗಲಿಯ ಮೇಲೆ ಕುಳಿತು, ಕಿರಸ್ತಾನರಾಗಿಲ್ಲ ಅಂತ ತಿಳಿದು ಸಂತೋಷವಾಯಿತು ಅಂದರು. ಆಮೇಲೆ ಟವೆಲಿನಿಂದ ಮುಖ ಒರೆಸಿಕೊಂಡರು.

"ತಪ್ಪು ತಿಳ್ಕಬ್ಯಾಡಿ ಮೇಸ್ತ್ರಿ. ಅಪ್ಪಂಗೂ ಹೋಗದೆ, ನಿಮಗೂ ಶುರುವಾಗದೆ. ನಾಳೆ ಹುಡುಗೀಗೂ ಆದ್ರೆ ನಮ್ಮ ಹುಡುಗನ ಗತಿ ಏನು?"

ವೀಳ್ಯಶಾಸ್ತ್ರದಲ್ಲಿ ಅವರು ಇಟ್ಟಿದ್ದ ಸೀರೆಯನ್ನು ಗೌರಿಯೇ ಮಡಿಸಿ ತಂದು ಅಣ್ಣನ ಕೈಗೆ ಕೊಟ್ಟಳು. ಮರೀಗೌಡರು ಅದನ್ನು ಕಂಕುಳಿಗೆ ಸೇರಿಸಿಕೊಂಡು ಹೋದರು. ಯಾವ ಸಂಬಂಧ ಉಳಿಸಬೇಕು ಅಂತ ನಾನು ಓಡಿಹೋಗಿದ್ದೆನೋ ಅದನ್ನು ನಾನೇ ಬಾಯಾರೆ ಕೂಗಿ ಮುರಿದಿದ್ದೆ.

ಆ ಮಧ್ಯಾಹ್ನ ಗೌರಿ ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದಳು. ಅವಳ ಮುಂದೆ ಕುಳಿತು ಅತ್ತುಬಿಟ್ಟೆ. ನಿನ್ನ ಬಾಳಿಗೆ ನಾನೇ ಕಲ್ಲು ಹಾಕಿದೆ, ಆದರೆ ನಿಮ್ಮಣ್ಣನದೂ ತಪ್ಪಿಲ್ಲವೆ, ಕಟ್ಟಿಕೊಂಡ ಹೆಂಡತಿಗೆ ಒಂದು ಮಾತು ಹೇಳಿದ್ದರೆ ಇಷ್ಟೆಲ್ಲ ಆಗುತ್ತಿತ್ತೆ ಅಂದೆ. ಆಗಲೂ ಅರ್ಧ ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟುತ್ತಿದ್ದೆ ನೋಡಿ. ಗೌರಿ ತಲೆ ಎತ್ತಲಿಲ್ಲ. ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು. ಮುಳ್ಳು ತೆಗೆಯಲು, ಗುಂಡಿ ಹೊಲಿಯಲು ಅಣ್ಣ ತನ್ನನ್ನೇ ಕರೆದಾಗ ಅವಳಾಗಿಯೇ ಕಂಡುಹಿಡಿದು ಕೇಳಿದ್ದಳಂತೆ, ಅವರೂ ಒಪ್ಪಿಕೊಂಡಿದ್ದರಂತೆ. ಯಾರಿಗೂ ಹೇಳಬೇಡ ಅಂತ ಆಣೆ ಹಾಕಿಸಿಕೊಂಡಿದ್ದರು.

"ನಿಮಗೆ ಹೇಳ್ಬೇಕು ಅಂತ ಅಣ್ಣ ಎಷ್ಟೋ ಸಲ ಬಾಯಿ ತೆಗೆದಿದ್ದ ಅತ್ತಿಗೆ. ನೀವು ಮುಖ ನೋಡೋ ರೀತಿ ನೋಡಿ ಸುಮ್ನಾಗ್ಬುಡ್ತಿದ್ದ" ಅಂದಳು. ಮೊರದಿಂದ ಒಂದು ಕಲ್ಲು ಆರಿಸಿ ಎಸೆದು, "ಭಾಷೆ ಬರದ ಆ ಮುದುಕಂಗೆ ಹೇಳ್ಕೊಂಡ. ನಿಮಗೆ ಹೇಳಕ್ಕೆ ಹೆದರ್ದ" ಅಂದಳು.

ಅವಳು ಬೈದಿದ್ದರೆ ನಾನು ಎರಡು ದಿನದಲ್ಲಿ ಮರೆಯುತ್ತಿದ್ದೆನೇನೋ. ಬೈಯಲಿಲ್ಲ.

ಗೌರಿಗೆ ಮಾರನೇ ವರ್ಷ ಮಂಡ್ಯದ ಕಡೆಯ ಒಬ್ಬ ಬಡಗಿಯ ಜೊತೆ ಮದುವೆಯಾಯಿತು. ಆ ಸಲ ಎಲ್ಲವನ್ನೂ ಮೊದಲೇ ಹೇಳಿಯೇ ಮಾತು ಆಡಿದೆವು. ಅವಳ ಕಣ್ಣಿಗೆ ಇವತ್ತಿನವರೆಗೂ ಏನೂ ಆಗಿಲ್ಲ. ಯಜಮಾನರು ಅಂಗಡಿಯಲ್ಲಿ ಕನ್ನಡಕ ಕೊಂಡು ಇನ್ನೂ ಇಪ್ಪತ್ತು ವರ್ಷ ಕರಣೆ ಹಿಡಿದರು. ಜಯಲಕ್ಷ್ಮಿಪುರಂನಲ್ಲಿ ದೊಡ್ಡ ದೊಡ್ಡ ಮನೆ ಕಟ್ಟಿದರು. ಕನ್ನಡಕದ ಮೇಸ್ತ್ರಿ ಅಂದರೆ ಅಳತೆ ತಪ್ಪದವನು ಅಂತ ಜನ ಹುಡುಕಿಕೊಂಡು ಬರುತ್ತಿದ್ದರು. ನಮಗೆ ಎರಡು ಮಕ್ಕಳಾದವು, ಮನೆಯಲ್ಲಿ ನಗು ಇತ್ತು. ಆದರೆ ಅವರು ಯಾವುದಾದರೂ ಮಾತು ಅರ್ಧಕ್ಕೆ ನಿಲ್ಲಿಸಿದರೆ ನಾನು ಮುಖ ಬೇರೆ ಕಡೆ ತಿರುಗಿಸಿಕೊಳ್ಳುತ್ತಿದ್ದೆ. ನನ್ನ ಮುಖ ನೋಡಿ ನಿಲ್ಲಿಸಿದರೋ ಏನೋ ಅಂತ. ಕೇಳುವ ಧೈರ್ಯ ಒಂದು ದಿನವೂ ಬರಲಿಲ್ಲ.

ಅವರು ತೀರಿಕೊಂಡ ವರ್ಷ, ಒಂದು ಬೆಳಿಗ್ಗೆ ಹಜಾರದಲ್ಲಿ ಮಗ, ಸೊಸೆ ಎಲ್ಲರೂ ಇದ್ದರು. ಯಜಮಾನರು ಕಾಫಿ ಲೋಟ ಕೆಳಗಿಟ್ಟು ಎದ್ದು, ಅವರನ್ನೆಲ್ಲ ದಾಟಿ, ಗೋಡೆ ಹಿಡಿದುಕೊಂಡು ಅಡುಗೆಮನೆಯವರೆಗೂ ಬಂದರು. "ಲಕ್ಷ್ಮೀ, ಎದೇಲಿ ಏನೋ ಆಗ್ತಾ ಅದೆ ಕಣೆ. ನಿಂಗೆ ಹೇಳಣ ಅಂತ ಬಂದೆ" ಅಂದರು. ಯಾವಾಗಿನಿಂದ, ಯಾಕೆ ಇಷ್ಟು ದಿನ ಹೇಳಲಿಲ್ಲ ಅಂತ ನಾನು ಒಂದು ಮಾತೂ ಕೇಳಲಿಲ್ಲ. ಹಿಟ್ಟಿನ ಕೈಯಲ್ಲೇ ಅವರ ಕೈ ಹಿಡಿದುಕೊಂಡೆ.